ಏರ್‌ಪೋರ್ಟಿನಿಂದ ಊರೊಳಗೆ ಬಸ್ಸಿನಲ್ಲಿ: ನಾನು ಇಳಿಯುವುದನ್ನು ಕಲಿತದ್ದು

ವಿಮಾನ ಇಳಿದ ಮೇಲೆ ಟ್ಯಾಕ್ಸಿ ಸಾಲನ್ನು ದಾಟಿ ಬಸ್ಸಿನ ಫಲಕ ಹುಡುಕುವ ಚಟ ನನಗೆ ಅಂಟಿ ತುಂಬ ವರ್ಷಗಳಾದವು. ಮೊದಮೊದಲು ದುಡ್ಡು ಉಳಿಸುವುದಕ್ಕಾಗಿ ಹತ್ತುತ್ತಿದ್ದೆ, ಈಗ ಕೈಯಲ್ಲಿ ದುಡ್ಡಿದ್ದರೂ ಹತ್ತುತ್ತೇನೆ. ಇಷ್ಟೂ ಪ್ರಯಾಣಗಳಲ್ಲಿ ಬಸ್ಸು ಸಿಗದೆ ಪರದಾಡಿದ್ದು ಒಂದೆರಡು ಸಲ ಇರಬಹುದು. ಎಲ್ಲಿ ಇಳಿಯಬೇಕೆಂದು ತಿಳಿಯದೆ ಪೇಚಾಡಿದ್ದಕ್ಕೆ ಲೆಕ್ಕವಿಲ್ಲ.

ಇದು ಮೊದಲು ಮನದಟ್ಟಾದದ್ದು ಹಾಂಗ್‌ಕಾಂಗಿನಲ್ಲಿ. ಅಲ್ಲಿ ಏರ್‌ಪೋರ್ಟ್ ಬಸ್ಸಿನ ನಂಬರಿನ ಮುಂದಿರುವ ಅಕ್ಷರವೇ ಅರ್ಧ ಕಥೆ ಹೇಳಿಬಿಡುತ್ತದೆ. ‘ಎ’ ಇದ್ದರೆ ಹೆಚ್ಚುಕಡಿಮೆ ನೇರವಾಗಿ ಹೋಗುವ ಬಸ್ಸು, ಚಾರ್ಜು ಜಾಸ್ತಿ. ‘ಇ’ ಇದ್ದರೆ ಅಗ್ಗ, ಆದರೆ ಪಕ್ಕದ ತುಂಗ್ ಚುಂಗ್ ಕಡೆಗೆಲ್ಲ ಸುತ್ತಿಕೊಂಡು ಹೋಗುತ್ತದೆ. ‘ಎನ್’ ಅಂದರೆ ರಾತ್ರಿ ಬಸ್ಸು. ನಾನು ಹತ್ತಿದ್ದು ಎ21. ಡಬಲ್ ಡೆಕ್ಕರ್. ಕೆಳಗಿನ ಅಂತಸ್ತಿನಲ್ಲಿ ಲಗೇಜಿಗೆ ಕಂಬಿಗಳ ಜಾಗ, ಮೇಲೆ ಕೂತವರು ತಮ್ಮ ಪೆಟ್ಟಿಗೆಯ ಮೇಲೆ ಕಣ್ಣಿಡಲೆಂದು ಒಂದು ಟಿವಿ ಪರದೆ. ಮೇಲೆ, ಎಲ್ಲರಿಗಿಂತ ಮುಂದಿನ ಸೀಟು ಸಿಕ್ಕಿತು. ತ್ಸಿಂಗ್ ಮಾ ತೂಗುಸೇತುವೆ ಬಂದಾಗ ಪರದೆಯನ್ನೂ ಮರೆತೆ, ಪೆಟ್ಟಿಗೆಯನ್ನೂ ಮರೆತೆ. ಎರಡು ಗೋಪುರಗಳ ನಡುವೆ 1,377 ಮೀಟರ್ ಉದ್ದ. ನಾವು ಮೇಲೆ, ಸೇತುವೆಯ ಕೆಳಗಿನ ಅಂತಸ್ತಿನಲ್ಲಿ ರೈಲು.

ಸೊಗಸೆಲ್ಲ ಅಲ್ಲಿಗೆ ಮುಗಿಯಿತು. ನೇಥನ್ ರೋಡಿಗೆ ಬಂದ ಮೇಲೆ ಸ್ಟಾಪಿನ ಹಿಂದೆ ಸ್ಟಾಪು. ನನ್ನ ಸ್ಟಾಪಿನ ಹೆಸರು ಕೂಗಿದಾಗ ಎದ್ದೆ, ಬೆಲ್ ಒತ್ತಿದೆ, ಅಲುಗಾಡುವ ಬಸ್ಸಿನಲ್ಲಿ ಕಂಬಿ ಹಿಡಿದು ಮೆಟ್ಟಿಲಿಳಿದೆ. ನೋಡಿದರೆ ನನ್ನ ಪೆಟ್ಟಿಗೆಯ ಮುಂದೆ ಇನ್ನೂ ನಾಲ್ಕು ಪೆಟ್ಟಿಗೆ. ಅವನ್ನು ಸರಿಸಿ ನನ್ನದನ್ನು ಎಳೆಯುವಷ್ಟರಲ್ಲಿ ಬಾಗಿಲು ಮುಚ್ಚಿತು, ಬಸ್ಸು ಹೊರಟಿತು. ಮುಂದಿನ ಸ್ಟಾಪಿನಲ್ಲಿ ಇಳಿದು, ಸಂಜೆಯ ಜನಜಂಗುಳಿಗೆ ಎದುರಾಗಿ ಪೆಟ್ಟಿಗೆ ಎಳೆದುಕೊಂಡು ಹಿಂದಕ್ಕೆ ನಡೆದೆ.

ಆವತ್ತಿನಿಂದ ಒಂದು ಸ್ಟಾಪು ಮುಂಚೆಯೇ ಎದ್ದು ಬಾಗಿಲ ಹತ್ತಿರ ನಿಲ್ಲುತ್ತೇನೆ. ಅದಕ್ಕೆ ಹಿಂದಿನ ಸ್ಟಾಪಿನ ಹೆಸರೂ ಗೊತ್ತಿರಬೇಕಲ್ಲ, ಹಾಗಾಗಿ ಹೊರಡುವ ಮೊದಲೇ ಕೊನೆಯ ಮೂರು ಸ್ಟಾಪುಗಳ ಹೆಸರು ಚೀಟಿಯಲ್ಲಿ ಬರೆದುಕೊಳ್ಳುತ್ತೇನೆ, ಅಲ್ಲಿಯ ಲಿಪಿಯಲ್ಲೂ ಒಂದು ಸಲ. ಮಾತು ಬಾರದ ಕಡೆ ಡ್ರೈವರಿಗೆ ಆ ಚೀಟಿ ತೋರಿಸಿದರೆ ಸಾಕು. ಆ ಊರಿನ ಮ್ಯಾಪನ್ನೂ ಮೊದಲೇ ಫೋನಿಗೆ ಇಳಿಸಿಕೊಂಡಿರುತ್ತೇನೆ. ಸಿಮ್ ಇಲ್ಲದಿದ್ದರೂ ಜಿಪಿಎಸ್ಸಿನ ನೀಲಿ ಚುಕ್ಕೆ ಓಡುತ್ತಲೇ ಇರುತ್ತದೆ. ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ, ಏರ್‌ಪೋರ್ಟಿನಲ್ಲೇ ದುಬಾರಿ ಸಿಮ್ ಕೊಳ್ಳುತ್ತಾರೆ. ಇನ್ನೂ ಒಂದು ಮಾತು: ರೂಮು ಹಿಡಿದು ಆಮೇಲೆ ಬಸ್ಸು ಹುಡುಕುವುದನ್ನು ಬಿಟ್ಟಿದ್ದೇನೆ. ಮೊದಲು ಬಸ್ಸಿನ ದಾರಿ ನೋಡಿ, ಅದರ ಯಾವುದಾದರೂ ಸ್ಟಾಪಿನಿಂದ ಐದು ನಿಮಿಷ ನಡೆಯುವಷ್ಟರಲ್ಲಿ ರೂಮು ಹಿಡಿಯುತ್ತೇನೆ.

‘ಊರಿನ ಮಧ್ಯ’ ಅನ್ನುವ ಮಾತನ್ನು ಮಾತ್ರ ನಂಬಬೇಡಿ. ಬುಡಾಪೆಸ್ಟಿನಲ್ಲಿ 100ಇ ಬಸ್ಸು ನಿಜವಾಗಿಯೂ ನಡು ಊರಿನ ಡಿಯಾಕ್ ಚೌಕಕ್ಕೆ ಹೋಗುತ್ತದೆ, ಆದರೆ ಅದಕ್ಕೆ ಬೇರೆಯೇ ಟಿಕೆಟ್. ಮಾಮೂಲಿ ಟಿಕೆಟ್ ನಡೆಯುವ 200ಇ ನಿಮ್ಮನ್ನು ಮೆಟ್ರೋದ ತುದಿ ಸ್ಟೇಷನ್ನಿನಲ್ಲಿ ಬಿಡುತ್ತದೆ, ಮುಂದಿನದು ನಿಮ್ಮ ಪಾಡು. ಅಥೆನ್ಸಿನಲ್ಲಿ ಎಕ್ಸ್95 ಹತ್ತಿದರೆ ಸಿಂಟಾಗ್ಮಾ ಚೌಕ. ನಿದ್ದೆಗಣ್ಣಿನಲ್ಲಿ ಒಂದು ಅಂಕಿ ತಪ್ಪಿ ಎಕ್ಸ್96 ಹತ್ತಿದರೆ ಕಣ್ಣು ಬಿಡುವುದು ಪಿರೇಯಸ್ ಬಂದರಿನಲ್ಲಿ.

ಟಿಕೆಟಿನ ವಿಷಯ ಊರಿಗೊಂದು ಥರ. ಲಂಡನ್ ಬಸ್ಸುಗಳಲ್ಲಿ 2014ರ ಜುಲೈಯಿಂದ ನಗದು ನಡೆಯುವುದಿಲ್ಲ. ಹಾಂಗ್‌ಕಾಂಗಿನಲ್ಲಿ ನಗದು ನಡೆಯುತ್ತದೆ, ಚಿಲ್ಲರೆ ವಾಪಸು ಬರುವುದಿಲ್ಲ. ಸಿಂಗಪುರದಲ್ಲಿ ಹತ್ತುವಾಗ ಕಾರ್ಡು ತಾಗಿಸಿದ್ದು ಸಾಲದು, ಇಳಿಯುವಾಗಲೂ ತಾಗಿಸಬೇಕು. ಮರೆತರೆ ಆ ಬಸ್ಸು ಹೋಗುವ ಕೊನೆಯ ತನಕದ ಚಾರ್ಜು ಹಿಡಿಯುತ್ತಾರೆ. ಯುರೋಪಿನ ಒಂದು ಊರಿನಲ್ಲಿ ನಾನು ಟಿಕೆಟ್ ಕೊಂಡು ಜೋಪಾನವಾಗಿ ಜೇಬಿನಲ್ಲಿ ಇಟ್ಟುಕೊಂಡಿದ್ದೆ. ಬಸ್ಸಿನೊಳಗಿನ ಚಿಕ್ಕ ಯಂತ್ರಕ್ಕೆ ತೂರಿಸಿ ಮುದ್ರೆ ಹಾಕಿಸದ ಟಿಕೆಟು ಟಿಕೆಟೇ ಅಲ್ಲ ಎಂದು ತಪಾಸಣೆಯವರು ಬಂದಾಗಲೇ ತಿಳಿದದ್ದು. ದಂಡ ಕಟ್ಟಿದ ದುಡ್ಡಿಗೆ ಟ್ಯಾಕ್ಸಿಯಲ್ಲೇ ಹೋಗಬಹುದಿತ್ತು.

ಇಷ್ಟೆಲ್ಲ ಪಳಗಿದ ಮೇಲೂ ಮ್ಯಾಡ್ರಿಡ್‌ನಲ್ಲಿ ಎಡವಿದೆ. ಅಲ್ಲಿ 203 ನಂಬರಿನ ಹಳದಿ ಬಸ್ಸು ಹಗಲು ರಾತ್ರಿ ಓಡುತ್ತದೆ. ಕೊನೆ ಸ್ಟಾಪು ಅಟೋಚಾ ರೈಲು ನಿಲ್ದಾಣ, ನನ್ನ ರೂಮು ಅದರ ಎದುರಿಗೇ. ಕೊನೆ ಸ್ಟಾಪು ತಾನೆ, ಈ ಸಲ ಚೀಟಿ ಯಾಕೆ ಅಂದುಕೊಂಡು ನಿಶ್ಚಿಂತೆಯಿಂದ ಕೂತೆ. ವಿಮಾನ ತಡವಾಗಿತ್ತು, ಹತ್ತುವಾಗ ನಡುರಾತ್ರಿ ದಾಟಿತ್ತು. ಸಿಬೆಲೆಸ್ ಚೌಕದಲ್ಲಿ ಬಸ್ಸು ನಿಂತಿತು, ಎಲ್ಲರೂ ಇಳಿದರು. ನಾನು ಕೂತೇ ಇದ್ದೆ. ಡ್ರೈವರು ಕನ್ನಡಿಯಲ್ಲಿ ನನ್ನನ್ನು ನೋಡಿ, ಕೈಬೆರಳಿನಿಂದ ಹೊರಗೆ ತೋರಿಸಿದ. ರಾತ್ರಿ ಪಾಳಿಯ ಬಸ್ಸು ಅಲ್ಲಿಗೇ ಮುಗಿಯುತ್ತದೆ. ವೇಳಾಪಟ್ಟಿಯಲ್ಲಿ ಬರೆದೇ ಇತ್ತು, ನಾನು ನೋಡಿದ್ದು ಹಗಲಿನ ಸಾಲನ್ನು ಮಾತ್ರ. ಸಿಬೆಲೆಸ್‌ನಿಂದ ಅಟೋಚಾಕ್ಕೆ ಪಸೇಯೊ ದೆಲ್ ಪ್ರಾಡೊ ಹಿಡಿದು ಒಂದು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು. ಮರಗಳ ಸಾಲಿನ ಕೆಳಗೆ ಯಾರೂ ಇರಲಿಲ್ಲ, ಕಲ್ಲುಹಾಸಿನ ಮೇಲೆ ನನ್ನ ಪೆಟ್ಟಿಗೆಯ ಚಕ್ರಗಳ ಗಡಗಡ ಸದ್ದೊಂದೇ. ಒಳಗೊಳಗೇ ನನ್ನನ್ನೇ ಬೈದುಕೊಳ್ಳುತ್ತ ನಡೆದೆ. ಅರ್ಧ ದಾರಿ ಕಳೆಯುವ ಹೊತ್ತಿಗೆ ಬೈಯುವುದು ನಿಂತಿತ್ತು.