ಹೆಲಿಕಾಪ್ಟರ್ ಏರುವ ಮುಂಚಿನ ಎರಡು ಗಂಟೆ

ಸ್ಕೀ ರೆಸಾರ್ಟ್‌ಗಳಲ್ಲಿ ಸಾಮಾನ್ಯವಾಗಿ ಲಿಫ್ಟ್‌ನಲ್ಲಿ ಕೂತು ಮೇಲೆ ಹೋಗುತ್ತಾರೆ, ಯಂತ್ರ ಓಡಿಸಿ ಹದ ಮಾಡಿದ ಹಾದಿಯಲ್ಲಿ ಜಾರಿಕೊಂಡು ಕೆಳಗೆ ಬರುತ್ತಾರೆ. ಹೆಲಿ-ಸ್ಕೀಯಿಂಗ್‌ನಲ್ಲಿ ಲಿಫ್ಟೂ ಇಲ್ಲ, ಹದ ಮಾಡಿದ ಹಾದಿಯೂ ಇಲ್ಲ. ಯಾರೂ ತುಳಿಯದ ಹಿಮದ ಮೇಲೆ ಹೆಲಿಕಾಪ್ಟರ್ ನಿಮ್ಮನ್ನು ಇಳಿಸಿ ಹೊರಟುಹೋಗುತ್ತದೆ. ಗೈಡ್ ಮುಂದೆ, ನೀವು ಹಿಂದೆ.

ವಿಡಿಯೊಗಳಲ್ಲಿ ಕಾಣುವುದು ಬರೀ ಈ ಜಾರಾಟ. ಆದರೆ ದಿನ ಚೆನ್ನಾಗಿರುತ್ತದೋ ಇಲ್ಲವೋ ಎಂಬುದು ಹೆಚ್ಚಾಗಿ ಕೆಳಗಿನ ನೆಲೆಯಲ್ಲೇ, ರೋಟರ್ ತಿರುಗುವ ಮುಂಚೆಯೇ ತೀರ್ಮಾನವಾಗಿರುತ್ತದೆ. ಸ್ಕೀ ಮಾಡಲು ಹೋಗುತ್ತಿರಲಿ, ಸುಮ್ನೆ ನೋಡಲು ಹೋಗುತ್ತಿರಲಿ, ಆ ಎರಡು ಗಂಟೆಯನ್ನು ಕಣ್ಣು ಬಿಟ್ಟು ನೋಡಿ.

ಇದು ಶುರುವಾದದ್ದು ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ. ಆಸ್ಟ್ರಿಯಾ ಮೂಲದ ಗೈಡ್ ಹಾನ್ಸ್ ಗ್ಮೋಸರ್ 1965ರಲ್ಲಿ ಬುಗಾಬೂ ಬೆಟ್ಟಗಳಿಗೆ ಹೆಲಿಕಾಪ್ಟರ್‌ನಲ್ಲಿ ಸ್ಕೀ ಮಾಡುವವರನ್ನು ಕರೆದೊಯ್ದರು. ಆಗಿನ ಪುಟ್ಟ ಹೆಲಿಕಾಪ್ಟರ್‌ನಲ್ಲಿ ಒಂದು ಸಲಕ್ಕೆ ಇಬ್ಬರಿಗೆ ಮಾತ್ರ ಜಾಗ. ತಂಗಲು ಮರ ಕಡಿಯುವವರು ಬಿಟ್ಟುಹೋದ ಹಳೇ ಕ್ಯಾಂಪು. ಈಗಿನ ನೆಲೆಗಳಲ್ಲಿ ಬಿಸಿನೀರಿನ ತೊಟ್ಟಿ, ಮಸಾಜ್ ಎಲ್ಲ ಇರುತ್ತದೆ. ಹಿಮ ಮಾತ್ರ ಹಳೆಯದೇ, ಅದರ ಸ್ವಭಾವವೂ ಹಳೆಯದೇ.

ಹೊರಡುವ ಮುಂಚೆ

ಮೊದಲು, ಹೋಗುವ ಜಾಗದಲ್ಲಿ ಇದಕ್ಕೆ ಅನುಮತಿ ಇದೆಯಾ ನೋಡಿಕೊಳ್ಳಿ. ಎಲ್ಲ ದೇಶಗಳಲ್ಲೂ ಇಲ್ಲ. ಫ್ರಾನ್ಸ್‌ನಲ್ಲಿ ಮೋಜಿಗಾಗಿ ಬೆಟ್ಟದ ಮೇಲೆ ಜನರನ್ನು ಹೆಲಿಕಾಪ್ಟರ್‌ನಿಂದ ಇಳಿಸುವುದನ್ನು 1985ರ ಕಾನೂನು ತಡೆದಿದೆ. ಸ್ವಿಟ್ಜರ್ಲೆಂಡ್‌ನಲ್ಲಿ ಗೊತ್ತುಮಾಡಿದ ಜಾಗಗಳಲ್ಲಷ್ಟೇ ಇಳಿಯಬಹುದು. ಸದ್ದು, ಕಾಡುಪ್ರಾಣಿಗಳಿಗೆ ಆಗುವ ತೊಂದರೆ, ಇಂಧನ – ಇವುಗಳ ಬಗ್ಗೆ ಇರುವ ಆಕ್ಷೇಪಣೆ ಸುಳ್ಳಲ್ಲ.

ಬುಕ್ ಮಾಡುವಾಗ ನಾಲ್ಕು ಪ್ರಶ್ನೆ ಕೇಳಿ. ಗೈಡ್‌ಗಳ ಅರ್ಹತೆ ಏನು? (ಅಂತರರಾಷ್ಟ್ರೀಯ ಪರ್ವತ ಗೈಡ್‌ಗಳ ಒಕ್ಕೂಟ ಐಎಫ್‌ಎಂಜಿಎಯ ಬ್ಯಾಡ್ಜ್ ಇದ್ದರೆ ಒಳ್ಳೆಯ ಗುರುತು.) ಒಬ್ಬ ಗೈಡ್‌ಗೆ ಎಷ್ಟು ಜನ? ಹವೆ ಕೆಟ್ಟು ಹಾರಾಟ ನಿಂತರೆ ದುಡ್ಡಿನ ಕಥೆ ಏನು? ನಿಮ್ಮ ವಿಮೆ ಬೆಟ್ಟದಲ್ಲಿ ರಕ್ಷಣೆಯ ಖರ್ಚನ್ನೂ ಕೊಡುತ್ತದಾ? ಮೂರನೇ ಪ್ರಶ್ನೆಗೆ ತಡವರಿಸುವವರ ಬಗ್ಗೆ ಸ್ವಲ್ಪ ಹುಷಾರು. ಹವೆ ಕೆಡುವುದು ಇಲ್ಲಿ ಅಪರೂಪವಲ್ಲ.

ನಿಮಗೆ ಎಷ್ಟು ಸ್ಕೀ ಬರಬೇಕು? ಕಡಿದಾದ ಹಾದಿಯಲ್ಲಿ ಬೀಳದೆ, ನಿಲ್ಲಬೇಕೆಂದಾಗ ನಿಲ್ಲಲು ಬರುತ್ತಿರಬೇಕು. ಮೆತ್ತನೆ ಹಿಮದಲ್ಲಿ ಒಂದಷ್ಟು ದಿನ ಆಡಿ ಅಭ್ಯಾಸ ಇರಬೇಕು. ಆಳದ ಹಿಮಕ್ಕೆ ಬೇಕಾದ ಅಗಲದ ಸ್ಕೀ ನೆಲೆಯಲ್ಲೇ ಸಿಗುತ್ತದೆ, ಆದರೆ ನಿಮ್ಮ ಕಾಲಿಗೆ ಪಳಗಿದ ಬೂಟನ್ನು ನೀವೇ ಒಯ್ಯಿರಿ. ಮೈಗೆ ಹತ್ತುವ ಒಳಬಟ್ಟೆ ಹತ್ತಿಯದು ಬೇಡ. ಬೆವರಿಗೆ ಒದ್ದೆಯಾದರೆ ಬೇಗ ಒಣಗುವುದಿಲ್ಲ, ಚಳಿ ಹಿಡಿಯುತ್ತದೆ.

ನೆಲೆ ತಲುಪಿದ ಮೇಲೆ

ಮೊದಲ ಕೆಲಸ ತೂಕ. ಬೂಟು, ಚೀಲ ಎಲ್ಲ ಹಾಕಿಕೊಂಡೇ ತಕ್ಕಡಿ ಹತ್ತಬೇಕು. ಇಲ್ಲಿ ನಾಚಿಕೆ ಬೇಡ, ಎರಡು ಕಿಲೊ ಕಡಿಮೆ ಹೇಳುವ ಚಾಳಿಯೂ ಬೇಡ. ಎತ್ತರಕ್ಕೆ ಹೋದಷ್ಟೂ ಗಾಳಿ ತೆಳುವಾಗುತ್ತದೆ, ಹೆಲಿಕಾಪ್ಟರ್ ಎತ್ತಬಲ್ಲ ಭಾರ ಇಳಿಯುತ್ತದೆ. ಯಾರು ಎಲ್ಲಿ ಕೂರಬೇಕು, ಎಷ್ಟು ಇಂಧನ ತುಂಬಬೇಕು ಎಂಬುದೆಲ್ಲ ಈ ಲೆಕ್ಕದ ಮೇಲೇ ನಿಂತಿದೆ. ಚಿಕ್ಕ ಹೆಲಿಕಾಪ್ಟರ್‌ನಲ್ಲಿ ಗೈಡ್ ಜೊತೆ ನಾಲ್ಕೈದು ಜನ, ದೊಡ್ಡದರಲ್ಲಿ ಹತ್ತು-ಹನ್ನೊಂದು ಜನ ಕೂರುವುದು ರೂಢಿ.

ಆ ಹೊತ್ತಿಗೆ ಒಳಗೆ ಗೈಡ್‌ಗಳ ಬೆಳಗಿನ ಸಭೆ ಮುಗಿದಿರುತ್ತದೆ. ರಾತ್ರಿ ಎಷ್ಟು ಹಿಮ ಬಿತ್ತು, ಗಾಳಿ ಅದನ್ನು ಯಾವ ಮಗ್ಗುಲಿಗೆ ಒಯ್ದು ಸುರಿದಿದೆ, ಅಡಿಯಲ್ಲಿ ಯಾವ ಪದರ ಸಡಿಲವಾಗಿದೆ – ಇದಿಷ್ಟನ್ನೂ ಇಟ್ಟುಕೊಂಡು ಇವತ್ತು ಯಾವ ಇಳಿಜಾರು ಸೈ, ಯಾವುದು ಬೇಡ ಎಂದು ಪಟ್ಟಿ ಮಾಡುತ್ತಾರೆ. ಎಷ್ಟೋ ಕಡೆ ಒಬ್ಬ ಗೈಡ್ ಬೇಡ ಎಂದರೂ ಆ ಇಳಿಜಾರು ಅವತ್ತಿಗೆ ಬಂದ್. ಇಲ್ಲೊಂದು ತಮಾಷೆಯಿದೆ. ಹಿಮಕುಸಿತ ಹೆಚ್ಚಾಗಿ ಆಗುವುದು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. ಸ್ಕೀ ಮಾಡಲು ಮಜಾ ಬರುವುದೂ ಅಂಥದರಲ್ಲೇ. ಅದಕ್ಕೇ ‘ಆ ಬೆಟ್ಟಕ್ಕೆ ಯಾಕೆ ಹೋಗಬಾರದು, ಬಿಸಿಲು ಚೆನ್ನಾಗಿದೆಯಲ್ಲ’ ಎಂದು ಒತ್ತಾಯ ಮಾಡಬೇಡಿ. ಯಾಕೆ ಬೇಡ ಅಂತ ಕೇಳಿ. ಒಳ್ಳೆಯ ಗೈಡ್‌ಗೆ ಈ ಪ್ರಶ್ನೆ ಇಷ್ಟ, ಕೂತು ವಿವರಿಸುತ್ತಾರೆ.

ಬೀಕನ್, ಕೋಲು, ಸಲಿಕೆ

ಇನ್ನು ನೆಲೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಪಾಠ. ಪ್ರತಿಯೊಬ್ಬರಿಗೂ ಒಂದು ಟ್ರಾನ್ಸೀವರ್ ಕೊಡುತ್ತಾರೆ. ಬೀಕನ್ ಅಂತಲೂ ಕರೆಯುತ್ತಾರೆ. ಅದು 457 ಕಿಲೊಹರ್ಟ್ಸ್ ತರಂಗದಲ್ಲಿ ಸದಾ ಸಂಕೇತ ಕಳಿಸುತ್ತಿರುತ್ತದೆ. ಪ್ರಪಂಚದಾದ್ಯಂತ ಇದೇ ತರಂಗ, ಹಾಗಾಗಿ ಯಾವ ಕಂಪನಿಯ ಬೀಕನ್ ಆದರೂ ಇನ್ನೊಂದನ್ನು ಹುಡುಕಬಲ್ಲದು. ಯಾರಾದರೂ ಹಿಮದಡಿ ಹೂತರೆ ಉಳಿದವರು ತಮ್ಮದನ್ನು ‘ಹುಡುಕು’ ಸ್ಥಿತಿಗೆ ಬದಲಿಸಿ ಆ ಸಂಕೇತದ ಜಾಡು ಹಿಡಿಯುತ್ತಾರೆ.

ಬೀಕನ್ನನ್ನು ಮೇಲಿನ ಜಾಕೆಟ್‌ನ ಒಳಗೆ, ಪಟ್ಟಿಯಿಂದ ಮೈಗೆ ಬಿಗಿದುಕೊಳ್ಳಬೇಕು. ಮೊಬೈಲ್ ಅದರಿಂದ ಕನಿಷ್ಠ 20 ಸೆಂಟಿಮೀಟರ್ ದೂರ ಇರಲಿ. ಹುಡುಕುವಾಗ ಕನಿಷ್ಠ 50. ಫೋನಿನ ವಿದ್ಯುತ್ ಅಲೆಗಳು ಬೀಕನ್‌ನ ದಾರಿ ತಪ್ಪಿಸುತ್ತವೆ. ಬಿಸಿಯಾಗುವ ಕೈಗವಸು, ಜೇಬಿನ ಕ್ಯಾಮೆರಾ ಕೂಡ ಹಾಗೇ.

ಅಭ್ಯಾಸಕ್ಕೆ ಒಂದು ಬೀಕನ್ನನ್ನು ಹಿಮದಲ್ಲಿ ಹೂತಿಟ್ಟು ಹುಡುಕಲು ಹೇಳುತ್ತಾರೆ. ಪರದೆಯಲ್ಲಿ ಬಾಣದ ಗುರುತು, ಪಕ್ಕದಲ್ಲಿ ಅಂಕಿ. ಅಂಕಿ ಇಳಿಯುತ್ತಿದ್ದರೆ ಹತ್ತಿರ ಬರುತ್ತಿದ್ದೀರಿ ಅಂತ. ಮೊದಲು ಜೋರಾಗಿ ನಡೆಯಿರಿ. ಮೂರು ಮೀಟರ್ ಒಳಗೆ ಬಂದಮೇಲೆ ಬೀಕನ್ನನ್ನು ಹಿಮಕ್ಕೆ ತಾಗುವಂತೆ ಹಿಡಿದು ನಿಧಾನವಾಗಿ ಮುಂದೆ-ಹಿಂದೆ, ಎಡ-ಬಲ ಸರಿಸಿ. ಅತಿ ಚಿಕ್ಕ ಅಂಕಿ ಸಿಕ್ಕಿದ ಕಡೆ ಪ್ರೋಬ್ ಚುಚ್ಚಬೇಕು. ಪ್ರೋಬ್ ಅಂದರೆ ಮಡಚಿಡುವ ಉದ್ದನೆ ಕೋಲು, ಬಿಚ್ಚಿದರೆ ಎರಡೂವರೆ-ಮೂರು ಮೀಟರ್. ಅದನ್ನು ಇಳಿಜಾರಿಗೆ ನೇರ ಲಂಬವಾಗಿ ಚುಚ್ಚಿ, ಸಿಗದಿದ್ದರೆ ಒಂದು ಗೇಣು ಬಿಟ್ಟು ಬಿಟ್ಟು ಸುರುಳಿಯಾಗಿ ಮುಂದುವರಿಸಿ. ಮೆತ್ತಗೆ ತಾಗಿದರೆ ಕೋಲನ್ನು ಅಲ್ಲೇ ಬಿಡಿ, ಕೀಳಬೇಡಿ. ಅದೇ ಗುರುತು. ಆಮೇಲೆ ಅಗೆತ. ನೆತ್ತಿಯ ಮೇಲಿಂದ ಅಲ್ಲ, ಕೋಲಿನ ಕೆಳಮಗ್ಗುಲಿನಿಂದ ಒಳಕ್ಕೆ ಅಗೆಯಬೇಕು. ಕುಸಿದ ಹಿಮ ಮೆತ್ತಗಿರುವುದಿಲ್ಲ, ನಿಂತ ಕೂಡಲೇ ಗಟ್ಟಿಯಾಗುತ್ತದೆ. ಹೆಚ್ಚು ಹೊತ್ತು ಹಿಡಿಯುವುದು ಅಗೆಯುವುದಕ್ಕೇ.

ಇಷ್ಟೆಲ್ಲ ಯಾಕೆ ಅಂದರೆ, ಹೂತವರನ್ನು ಮೊದಲ ಹತ್ತು ನಿಮಿಷದಲ್ಲಿ ಹೊರಗೆಳೆದರೆ ಬಹುತೇಕರು ಬದುಕುತ್ತಾರೆ. ಅರ್ಧ ಗಂಟೆ ದಾಟಿದರೆ ಆಸೆ ತೀರಾ ಕಡಿಮೆ. ಹೊರಗಿನ ರಕ್ಷಣಾ ತಂಡ ಬರುವಷ್ಟು ಹೊತ್ತು ಇರುವುದಿಲ್ಲ. ಪಕ್ಕದಲ್ಲಿರುವ ನೀವೇ ತಂಡ. ಹೂತವರು ಗೈಡೇ ಆಗಿದ್ದರೂ ಹುಡುಕಬೇಕಾದವರು ನೀವೇ. ಈ ಪಾಠದ ಹೊತ್ತಿನಲ್ಲಿ ಸೆಲ್ಫಿ ತೆಗೆಯುವವರನ್ನು ಕಂಡರೆ ನನಗೆ ಅವರ ಗುಂಪಿನಲ್ಲಿರಲು ಮನಸ್ಸಾಗುವುದಿಲ್ಲ. ಪಾಠವನ್ನು ಹತ್ತೇ ನಿಮಿಷಕ್ಕೆ ಮುಗಿಸಿ ‘ನಡೀರಿ’ ಅನ್ನುವ ನೆಲೆಯೂ ಬೇಡ.

ಹೆಲಿಕಾಪ್ಟರ್ ಹತ್ತಿರ

ಗೈಡ್ ಅಥವಾ ಪೈಲಟ್ ಕೈ ಮಾಡುವ ತನಕ ಹೆಜ್ಜೆ ಇಡಬೇಡಿ. ಪೈಲಟ್ ಕಣ್ಣಿಗೆ ಬೀಳುವಂತೆ ಮುಂದಿನಿಂದ, ತಲೆ ತಗ್ಗಿಸಿಕೊಂಡು ಹೋಗಿ. ಬಾಲದ ಕಡೆಗೆ ಎಂದೆಂದಿಗೂ ಹೋಗಬಾರದು. ಹಿಂದಿನ ಪುಟ್ಟ ರೋಟರ್ ತಿರುಗುವಾಗ ಕಣ್ಣಿಗೇ ಕಾಣುವುದಿಲ್ಲ. ಇಳಿಜಾರಿನಲ್ಲಿ ನಿಂತಿದ್ದರೆ ಮೇಲ್ಮಗ್ಗುಲಿನಿಂದಲೂ ಬರಬಾರದು, ಆ ಕಡೆ ನೆಲಕ್ಕೂ ರೋಟರ್‌ಗೂ ನಡುವೆ ಜಾಗ ಕಡಿಮೆ. ಸ್ಕೀಗಳನ್ನು ಹೆಗಲ ಮೇಲೆ ಹೊರಬೇಡಿ, ಸೊಂಟದ ಮಟ್ಟದಲ್ಲಿ ಅಡ್ಡಲಾಗಿ ಹಿಡಿಯಿರಿ. ಟೋಪಿ, ಗ್ಲೌಸ್ ಹಾರಿಹೋದರೆ ಅದರ ಹಿಂದೆ ಓಡಬೇಡಿ. ಬಾಗಿಲು ತೆಗೆಯುವುದು, ಹಾಕುವುದು ಗೈಡ್ ಕೆಲಸ.

ಮೇಲೆ ಇಳಿದ ಕೂಡಲೇ ಎಲ್ಲರೂ ಒಟ್ಟಿಗೆ, ಹೆಲಿಕಾಪ್ಟರ್ ಪಕ್ಕದಲ್ಲೇ ಮಂಡಿಯೂರಿ ಕೂರಬೇಕು. ಸಾಮಾನನ್ನು ಮಧ್ಯದಲ್ಲಿಟ್ಟು ಕೈಯಿಂದ ಅದುಮಿ ಹಿಡಿಯಬೇಕು. ಹೆಲಿಕಾಪ್ಟರ್ ಮೇಲೇಳುವಾಗ ಹಿಮದ ಪುಡಿ ಮುಖಕ್ಕೆ ರಾಚುತ್ತದೆ, ಕಿವಿ ಗುಯ್ಗುಡುತ್ತದೆ. ಎದ್ದು ಓಡಬೇಕು ಅನಿಸುತ್ತದೆ. ಏಳಬೇಡಿ. ಆ ಬಿಳಿ ಮೋಡದ ನಡುವೆ ನೆಲ ಎಲ್ಲಿದೆ ಎಂದು ಅಂದಾಜು ಮಾಡಲು ಪೈಲಟ್‌ಗೆ ಕಾಣುವುದು ಆ ಮುದುಡಿ ಕೂತ ಗುಂಪು. ಅದು ಅಲುಗಾಡಬಾರದು.

ಹಾರದ ದಿನ, ಬರೀ ನೋಡುವ ದಿನ

ಮೋಡ ಕವಿದರೆ ಆಕಾಶ, ನೆಲ ಎರಡೂ ಒಂದೇ ಬಿಳುಪು, ಎತ್ತರ-ತಗ್ಗು ತಿಳಿಯುವುದಿಲ್ಲ. ಅಂಥ ಹೊತ್ತಲ್ಲಿ ಮರಗಳಿರುವ ಕಡೆ ಮಾತ್ರ ಹಾರಬಹುದು, ಅದೂ ಆಗದಿದ್ದರೆ ಇಡೀ ದಿನ ನೆಲೆಯಲ್ಲೇ. ಬೇಜಾರಾಗುತ್ತದೆ, ಅಲ್ವಾ? ಪುಸ್ತಕ ಒಯ್ಯಿರಿ. ಬೀಕನ್ ಅಭ್ಯಾಸ ಇನ್ನೊಂದು ಸಲ ಮಾಡಿ.

ನೀವು ಬರೀ ನೋಡಲು ಬಂದವರಾದರೆ ಬೆಳಕು ಹರಿಯುವ ಹೊತ್ತಿಗೇ ಬನ್ನಿ, ಗೆರೆಯ ಆಚೆ ನಿಲ್ಲಿ, ಮಕ್ಕಳ ಕೈ ಬಿಡಬೇಡಿ. ಡ್ರೋನ್ ಹಾರಿಸುವ ಯೋಚನೆಯೇ ಬೇಡ. ರಾತ್ರಿ ಹೊದಿಸಿದ್ದ ಗವಸನ್ನು ರೋಟರ್‌ನಿಂದ ಬಿಚ್ಚುವುದು, ಅಂಟಿದ ಮಂಜನ್ನು ಒರೆಸುವುದು, ಪೈಲಟ್ ಸುತ್ತು ಬಂದು ಒಂದೊಂದನ್ನೇ ಮುಟ್ಟಿ ನೋಡುವುದು ಆಗಲೇ ಸಿಗುವ ನೋಟ.

ಸ್ಕೀ ಮಾಡಿ ವಾಪಸಾದವರಿಗೆ ಒಂದು ಕೆಲಸ ಬಾಕಿ ಇದೆ. ಗೈಡ್‌ಗಳು ಸಂಜೆ ಮತ್ತೆ ಕೂತು ಅವತ್ತು ಕಂಡದ್ದನ್ನೆಲ್ಲ ಬರೆದಿಡುತ್ತಾರೆ, ಮರುದಿನದ ಪಟ್ಟಿ ಹುಟ್ಟುವುದು ಅದರಿಂದಲೇ. ಎಲ್ಲಾದರೂ ಕಾಲಡಿ ‘ಧೊಪ್’ ಅಂತ ಹಿಮ ಕೂತ ಸದ್ದು ಕೇಳಿಸಿತ್ತಾ? ಸ್ಕೀ ಮುಂದೆ ಬಿರುಕು ಓಡಿದ್ದು ಕಂಡಿತ್ತಾ? ಬಿಸಿನೀರಿನ ತೊಟ್ಟಿಗೆ ಇಳಿಯುವ ಮುಂಚೆ ಅದನ್ನು ಅವರಿಗೆ ಹೇಳಿ, ಬೀಕನ್ ಆಫ್ ಮಾಡಿ ವಾಪಸ್ ಕೊಡಿ.