ತಪ್ಪು ಉತ್ತರ ಬರೆಯೋಕೆ ಕಲಿಸಿದೆ: ಎಂಟನೇ ತರಗತಿ ಇಂಗ್ಲಿಷ್ ಪರೀಕ್ಷೆಯ ತಯಾರಿ

ಜಗಳೂರು ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ಇಂಗ್ಲಿಷ್ ಟೀಚರ್. ಆರರಿಂದ ಎಂಟರವರೆಗೆ ಇಂಗ್ಲಿಷ್ ನನ್ನದೇ. 2022-23ರಲ್ಲಿ ಎಂಟನೇ ತರಗತಿಯನ್ನು ರಾಜ್ಯಮಟ್ಟದ ಮೌಲ್ಯಾಂಕನಕ್ಕೆ ತಯಾರು ಮಾಡಬೇಕಾಗಿ ಬಂತು. ಆಗ ಶುರು ಮಾಡಿದ ಒಂದು ಪದ್ಧತಿಯನ್ನು ಈಗಲೂ ಬಿಟ್ಟಿಲ್ಲ. ಬೇರೆ ಇಂಗ್ಲಿಷ್ ಟೀಚರ್‌ಗಳು ಕೇಳುತ್ತಿರುತ್ತಾರೆ, ಅದಕ್ಕೇ ಬರೆದಿಡುತ್ತಿದ್ದೇನೆ.

ಮೊದಲು ಆ ವರ್ಷದ ಮಕ್ಕಳ ಸ್ಥಿತಿ ಹೇಳಬೇಕು. ಅವರು ಆರನೇ ತರಗತಿಯಲ್ಲಿದ್ದಾಗ ಕೊರೊನಾ. ಸ್ವಲ್ಪ ದಿನ ವಿದ್ಯಾಗಮ, ಅಂದರೆ ಶಾಲೆ ಮುಚ್ಚಿದ್ದಾಗ ಊರಲ್ಲೇ ದೇವಸ್ಥಾನದ ಕಟ್ಟೆ ಮೇಲೆ ಪಾಠ, ಅಷ್ಟೇ. ಏಳನೇ ತರಗತಿಯೂ ಅರ್ಧಂಬರ್ಧ. ಎಂಟಕ್ಕೆ ಬಂದಾಗ ಕೆಲವರು ಇಂಗ್ಲಿಷ್ ಸಾಲನ್ನು ಸರಾಗವಾಗಿ ಓದುತ್ತಿದ್ದರು. ಇನ್ನು ಕೆಲವರಿಗೆ ದೊಡ್ಡಕ್ಷರ, ಸಣ್ಣಕ್ಷರವೇ ಗೊಂದಲ. ಅದು ಕಲಿಕಾ ಚೇತರಿಕೆ ವರ್ಷ, ಅಂದರೆ ಕೊರೊನಾದಲ್ಲಿ ತಪ್ಪಿದ ಕಲಿಕೆಯನ್ನು ತುಂಬಿಕೊಡುವ ಸರ್ಕಾರದ ಕಾರ್ಯಕ್ರಮದ ವರ್ಷ. ಹಾಳೆ ಮೇಲೆ ಹಾಳೆ ತುಂಬಿಸುತ್ತಾ ಕೂತಿದ್ದೆವು. ಡಿಸೆಂಬರ್‌ನಲ್ಲಿ ಸುತ್ತೋಲೆ ಬಂತು: 5 ಮತ್ತು 8ನೇ ತರಗತಿಗೆ ಪ್ರಶ್ನೆಪತ್ರಿಕೆ ರಾಜ್ಯದ ಪರೀಕ್ಷಾ ಮಂಡಳಿಯಿಂದಲೇ ಬರುತ್ತದೆ, ನೀವು ತಯಾರಿಸುವ ಹಾಗಿಲ್ಲ ಅಂತ.

ಇದರ ಜೊತೆಗೆ ಇನ್ನೆರಡು ಪರೀಕ್ಷೆ ಇದ್ದವು. ಒಂದು ಎನ್‌ಎಂಎಂಎಸ್, ಬಡ ಕುಟುಂಬದ ಜಾಣ ಮಕ್ಕಳಿಗೆ ಕೇಂದ್ರ ಸರ್ಕಾರ ಕೊಡುವ ವಿದ್ಯಾರ್ಥಿವೇತನದ ಪರೀಕ್ಷೆ. ಪಾಸಾಗಿ ಆಯ್ಕೆಯಾದರೆ ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿವೇತನ. ಅದರಲ್ಲಿ ಬುದ್ಧಿಸಾಮರ್ಥ್ಯದ 90 ಪ್ರಶ್ನೆ, ಗಣಿತ, ವಿಜ್ಞಾನ, ಸಮಾಜದ 90 ಪ್ರಶ್ನೆ. ಇಂಗ್ಲಿಷ್ ಇಲ್ಲವೇ ಇಲ್ಲ. ಹಾಗಾಗಿ ಜಾಣ ಮಕ್ಕಳು ನನ್ನ ಪೀರಿಯಡ್‌ನಲ್ಲಿ ಬೆಂಚಿನ ಕೆಳಗೆ ಎನ್‌ಎಂಎಂಎಸ್ ಪುಸ್ತಕ ಬಿಚ್ಚಿಕೊಂಡು ಕೂರುತ್ತಿದ್ದರು! ಇನ್ನೊಂದು ಕೇಂದ್ರ ಸರ್ಕಾರದ ವಸತಿ ಶಾಲೆ ನವೋದಯದ ಒಂಬತ್ತನೇ ತರಗತಿ ಪ್ರವೇಶ ಪರೀಕ್ಷೆ. ಫೆಬ್ರವರಿಯಲ್ಲಿ ನಡೆಯುತ್ತದೆ, ಖಾಲಿ ಇರುವ ಸೀಟುಗಳಿಗೆ ಮಾತ್ರ. ನಮ್ಮ ಜಿಲ್ಲೆಯ ನವೋದಯ ಇರುವುದು ಚನ್ನಗಿರಿ ತಾಲ್ಲೂಕಿನ ದೇವರಹಳ್ಳಿಯಲ್ಲಿ. ಈ ಪ್ರವೇಶ ಪರೀಕ್ಷೆಗೆ ಒಟ್ಟು 100 ಅಂಕ. ಇಂಗ್ಲಿಷ್‌ಗೆ 15, ಹಿಂದಿಗೆ 15, ಗಣಿತಕ್ಕೆ 35, ವಿಜ್ಞಾನಕ್ಕೆ 35. ನೋಡೋಕೆ ಇಂಗ್ಲಿಷ್‌ಗೆ ಬರೀ 15 ಅನಿಸುತ್ತದೆ. ಆದರೆ ಈ ಪತ್ರಿಕೆ ಕನ್ನಡದಲ್ಲಿ ಇರಲ್ಲ, ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಕನ್ನಡ ಮಾಧ್ಯಮದ ಮಕ್ಕಳಿಗೆ ಗಣಿತ, ವಿಜ್ಞಾನದ 70 ಅಂಕವೂ ಇಂಗ್ಲಿಷ್ ಓದುವುದರ ಮೇಲೇ ನಿಂತಿದೆ. ಲೆಕ್ಕ ಬರುತ್ತೆ, ಆದರೆ ‘ರಿಮೇಂಡರ್’ ಅಂದರೆ ಶೇಷ ಅಂತ ಗೊತ್ತಿಲ್ಲದಿದ್ದರೆ ಏನು ಮಾಡೋಣ? ಈ ಮಾತು ಹೇಳಿದ ಮೇಲೆ ಬೆಂಚಿನ ಕೆಳಗಿನ ಪುಸ್ತಕಗಳು ಸ್ವಲ್ಪ ಕಡಿಮೆಯಾದವು.

ಜನವರಿಯಲ್ಲಿ ಒಂದು ಪರೀಕ್ಷೆ ಕೊಟ್ಟೆ. ಅಂಕ ಕೂಡಿಸಲಿಲ್ಲ. ಯಾರು ಎಷ್ಟು ತೆಗೆದರು ಅಂತ ನೋಡುವುದಕ್ಕಿಂತ ಅಂಕ ಎಲ್ಲಿ ಹೋಗುತ್ತಿದೆ ಅಂತ ನೋಡಬೇಕಿತ್ತು. ಪ್ಯಾಸೇಜ್ ನಾನೇ ಬರೆದಿದ್ದೆ, ಕೊಂಡುಕುರಿ ಅನ್ನುವ ನಾಲ್ಕು ಕೊಂಬಿನ ಕಾಡುಪ್ರಾಣಿ ಮೇಲೆ. ನಮ್ಮ ತಾಲ್ಲೂಕಿನಲ್ಲೇ ರಂಗಯ್ಯನದುರ್ಗದ ಕೊಂಡುಕುರಿ ಅಭಯಾರಣ್ಯ ಇದೆ. ಕುರಿ ಮೇಯಿಸೋಕೆ ಹೋಗುವ ಮನೆಯ ಮಕ್ಕಳಿಗೆ ಆ ಕಾಡಂಚು ಗೊತ್ತು. ಎರಡು ಸಾಲು ಹೀಗಿದ್ದವು: ‘ದಿ ಮೇಲ್ ಹ್ಯಾಸ್ ಫೋರ್ ಹಾರ್ನ್ಸ್. ದಿ ಫೀಮೇಲ್ ಹ್ಯಾಸ್ ನೋ ಹಾರ್ನ್ಸ್.’ ಪ್ರಶ್ನೆ: ‘ಹೌ ಮೆನಿ ಹಾರ್ನ್ಸ್ ಡಸ್ ದಿ ಫೀಮೇಲ್ ಹ್ಯಾವ್?’

ಅರ್ಧಕ್ಕಿಂತ ಜಾಸ್ತಿ ಮಕ್ಕಳು ‘ಫೋರ್’ ಅಂತ ಬರೆದಿದ್ದರು. ಚೆನ್ನಾಗಿ ಓದುವವರೂ ಅದರಲ್ಲಿದ್ದರು. ಒಬ್ಬನನ್ನು ಕರೆದು ಕನ್ನಡದಲ್ಲಿ ಕೇಳಿದೆ, “ಹೆಣ್ಣು ಕೊಂಡುಕುರಿಗೆ ಎಷ್ಟು ಕೊಂಬು ಇರುತ್ತೋ?”

“ಹೆಣ್ಣಿಗೆ ಎಲ್ಲೈತೆ ಮಿಸ್? ಗಂಡಿಗೆ ಮಾತ್ರ ನಾಕು.”

“ಮತ್ತೆ ಇಲ್ಲಿ ಫೋರ್ ಅಂತ ಯಾಕೆ ಬರೆದೆ?”

“ಹಾರ್ನ್ಸ್ ಅಂತ ಕೇಳಿದಾರಲ್ಲ ಮಿಸ್.”

ಸಮಸ್ಯೆ ಅಲ್ಲೇ ಸಿಕ್ಕಿತು. ಅವನಿಗೆ ವಿಷಯ ಗೊತ್ತು. ಫೀಮೇಲ್ ಅಂದರೆ ಏನು ಅಂತಲೂ ಗೊತ್ತು. ಆದರೆ ಪ್ರಶ್ನೆಯಲ್ಲಿ ಪರಿಚಯದ ಒಂದು ಪದ ಕಂಡ ತಕ್ಷಣ, ಪ್ಯಾಸೇಜ್‌ನಲ್ಲಿ ಆ ಪದ ಮೊದಲು ಎಲ್ಲಿದೆಯೋ ಆ ಸಾಲನ್ನು ಎತ್ತಿ ಬರೆದುಬಿಡುತ್ತಾನೆ. ಪ್ರಶ್ನೆಯನ್ನು ಕೊನೆಯವರೆಗೂ ಓದುವುದೇ ಇಲ್ಲ. ಇದು ಒಬ್ಬನ ಕಥೆಯಲ್ಲ. ಪಾಠದ ಕೊನೆಯ ಪ್ರಶ್ನೆಗಳಿಗೆ ಗೈಡ್ ನೋಡಿ ಉತ್ತರ ಬರೆದು ಬರೆದು ಮಕ್ಕಳಿಗೆ ಬಂದ ಅಭ್ಯಾಸ. ಇಂಥವರಿಗೆ ಇನ್ನೂ ಹತ್ತು ಹಳೇ ಪೇಪರ್ ಬಿಡಿಸಲು ಕೊಟ್ಟರೆ ಅದೇ ಅಭ್ಯಾಸ ಇನ್ನೂ ಗಟ್ಟಿಯಾಗುತ್ತದೆ, ಅಲ್ವಾ? ಕೊನೆಯ ಎರಡು ತಿಂಗಳು ಬರೀ ಹಳೇ ಪೇಪರ್ ಹಿಡಿದು ಕೂರುವುದು ದಂಡ ಅಂತ ನಾನು ಹೇಳುವುದು ಇದಕ್ಕೇ.

ಆಮೇಲೆ ಮಾಡಿದ್ದು ಇಷ್ಟು. ಪ್ರಶ್ನೆಗೆ ಉತ್ತರ ಬರೆಯುವುದನ್ನು ನಿಲ್ಲಿಸಿ, ಪ್ರಶ್ನೆ ಬರೆಯೋಕೆ ಹೇಳಿದೆ. ಇಬ್ಬಿಬ್ಬರ ಜೋಡಿ. ಒಂದು ಪ್ಯಾಸೇಜ್, ಎರಡು ಪ್ರಶ್ನೆ, ಪ್ರತಿ ಪ್ರಶ್ನೆಗೂ ನಾಲ್ಕು ಆಯ್ಕೆ. ಒಂದು ಸರಿ, ಮೂರು ತಪ್ಪು. ನಿಯಮ ಒಂದೇ: ಪ್ರತಿ ತಪ್ಪು ಆಯ್ಕೆಯನ್ನೂ ಕ್ಲಾಸಿನಲ್ಲಿ ಒಬ್ಬರಾದರೂ ಆರಿಸಬೇಕು. ಯಾರೂ ಆರಿಸದಿದ್ದರೆ ಆ ಆಯ್ಕೆ ವೇಸ್ಟ್, ಅಳಿಸಿ ಬೇರೆ ಬರೆಯಬೇಕು.

ಮೊದಮೊದಲು ತಮಾಷೆಯಾಗಿತ್ತು. ಕೊಂಡುಕುರಿ ಎಲ್ಲಿ ವಾಸಿಸುತ್ತದೆ ಅನ್ನುವ ಪ್ರಶ್ನೆಗೆ ಒಂದು ಜೋಡಿ ಕೊಟ್ಟ ಆಯ್ಕೆಗಳು: ‘ನಿಯರ್ ವಾಟರ್’, ‘ಇನ್ ವಾಟರ್’, ‘ಆನ್ ಎ ಟ್ರೀ’, ‘ಇನ್ ಬೆಂಗಳೂರು’. ಬೆಂಗಳೂರು ಅಂದ ಕೂಡಲೇ ಇಡೀ ಕ್ಲಾಸು ನಕ್ಕಿತು. ಯಾರೂ ಆರಿಸಲಿಲ್ಲ. ಮರವೂ ಹೋಯಿತು. ಆದರೆ ‘ಇನ್ ವಾಟರ್’ಗೆ ಸುಮಾರು ಜನ ಬಿದ್ದರು. ಆ ಆಯ್ಕೆ ಬರೆದಿದ್ದ ಹುಡುಗಿಯ ಮುಖ ನೋಡಬೇಕಿತ್ತು! “ಮಿಸ್, ವಾಟರ್ ಅನ್ನೋದು ಕಂಡ್ತು, ಟಿಕ್ ಮಾಡಿಬಿಟ್ರು” ಅಂತ ಅವಳೇ ವಿವರಿಸಿದಳು. ಪ್ರಿಪೊಸಿಷನ್ ಪಟ್ಟಿಯನ್ನು ಬೋರ್ಡ್ ಮೇಲೆ ಬರೆದು ಬಾಯಿಪಾಠ ಮಾಡಿಸಿದ್ದಕ್ಕಿಂತ ಆ ದಿನ ‘ನಿಯರ್’ ಮತ್ತು ‘ಇನ್’ ಚೆನ್ನಾಗಿ ತಲೆಗೆ ಹೋದವು.

ಕೆಲವು ವಾರದಲ್ಲಿ ಮಕ್ಕಳು ಮೋಸದ ಆಯ್ಕೆಗಳಿಗೆ ತಾವೇ ಹೆಸರಿಟ್ಟರು. ಪ್ಯಾಸೇಜ್‌ನಲ್ಲಿ ಇರುವ ಮಾತೇ, ಆದರೆ ಕೇಳಿದ ಪ್ರಶ್ನೆಗಲ್ಲ, ಪಕ್ಕದ ಸಾಲಿನ ಪ್ರಶ್ನೆಗೆ ಉತ್ತರ: ಅದು ‘ಪಕ್ಕದ್ಮನೆ’. ಮೊದಲರ್ಧ ಸರಿ, ಕೊನೆಯಲ್ಲಿ ತಪ್ಪು: ಅದು ‘ಬಾಲ’. ಆಲ್ವೇಸ್, ಓನ್ಲಿ, ನೆವರ್ ಸೇರಿಸಿ ಕೆಡಿಸಿದ್ದು ‘ಜೋರು’. ಆಮೇಲೆ ಯಾವ ಪೇಪರ್ ಕೊಟ್ಟರೂ ಪಿಸುಪಿಸು ಶುರು: “ಲೇ, ಬಿ ಪಕ್ಕದ್ಮನೆ ಕಣೋ.” ಪರೀಕ್ಷೆಯಲ್ಲಿ ಮಾತಾಡಬಾರದು ಅಂತ ಬೈಯಬೇಕಾಯಿತು, ಆದರೆ ಒಳಗೊಳಗೇ ಖುಷಿ. ಹೀಗೆ ಹೆಸರಿಡಬೇಕಾದರೆ ನಾಲ್ಕೂ ಆಯ್ಕೆ ಪೂರ್ತಿ ಓದಿರಲೇಬೇಕಲ್ಲ.

ವ್ಯಾಕರಣಕ್ಕೂ ಇದನ್ನೇ ಹಚ್ಚಿದೆ. ‘ಡಿಡ್’ ಬಂದ ಮೇಲೆ ‘ವೆಂಟ್’ ಬರಲ್ಲ ಅಂತ ಎಷ್ಟು ಸಲ ಹೇಳಿದರೂ ‘ಹೀ ಡಿಡ್‌ಂಟ್ ವೆಂಟ್’ ಹೋಗುತ್ತಿರಲಿಲ್ಲ. ತಪ್ಪು ಆಯ್ಕೆ ಬರೆಯೋಕೆ ಕೂತಾಗ ಎಲ್ಲ ಜೋಡಿಯೂ ಅದನ್ನೇ ಗಾಳವಾಗಿ ಹಾಕಿದವು. ಬೇರೆಯವರನ್ನು ಬೀಳಿಸಬೇಕು ಅಂದಾಗ ಎಲ್ಲಿ ಬೀಳುತ್ತಾರೆ ಅಂತ ಎಲ್ಲರಿಗೂ ಗೊತ್ತು! ಆರ್ಟಿಕಲ್‌ನಲ್ಲಿ ‘ಆ್ಯನ್ ಅವರ್’, ‘ಎ ಯೂನಿವರ್ಸಿಟಿ’ ಇವೆರಡನ್ನು ಹಿಡಿದುಕೊಂಡು ಪಕ್ಕದ ಬೆಂಚಿನವರನ್ನು ಗೋಳು ಹೊಯ್ದುಕೊಂಡರು. ಕ್ವಶ್ಚನ್ ಟ್ಯಾಗ್ ಮಾತ್ರ ಈ ದಾರಿಗೆ ಬಗ್ಗಲಿಲ್ಲ. ಅದನ್ನು ಸುಮ್ನೆ ದಿನಾ ಐದೈದು ಮಾಡಿಸಿದೆ, ಅಷ್ಟೇ.

ಓದೋಕೇ ಬಾರದವರ ವಿಷಯ ಬೇರೆ. ಅವರ ಮುಂದೆ ನಾಲ್ಕು ಆಯ್ಕೆ ಇಟ್ಟರೆ ನಾಲ್ಕೂ ಒಂದೇ. ಅವರಿಗೆ ಮನೆಯಿಂದ ಇಂಗ್ಲಿಷ್ ಅಕ್ಷರ ಇರುವ ಏನಾದರೂ ತನ್ನಿ ಅಂದೆ. ಬಿಸ್ಕತ್ ಪೊಟ್ಟಣ, ಸೋಪಿನ ಕವರ್, ಮೆಕ್ಕೆಜೋಳದ ಬೀಜದ ಚೀಲ ಬಂದವು. ಒಬ್ಬ ಗೊಬ್ಬರದ ಚೀಲವನ್ನೇ ಮಡಚಿಕೊಂಡು ಬಂದ. ‘ನೆಟ್ ವೆಯ್ಟ್’, ‘ಯೂರಿಯಾ’, ‘ಯೂಸ್ ನೋ ಹುಕ್ಸ್’. ಅವನಪ್ಪ ಬೆನ್ನ ಮೇಲೆ ಹೊತ್ತ ಚೀಲ ಅದು. ಆ ಪದಗಳನ್ನು ಅವನು ಒಂದೇ ಸಲಕ್ಕೆ ಹಿಡಿದ. ಇವರನ್ನು ಚೆನ್ನಾಗಿ ಓದುವವರ ಜೊತೆ ಜೋಡಿ ಮಾಡಿ, ಆಯ್ಕೆಗಳನ್ನು ಜೋರಾಗಿ ಓದಿ ಹೇಳುವ ಕೆಲಸ ಇವರದ್ದೇ ಅಂತ ಇಟ್ಟೆ. ಎಲ್ಲರೂ ದಡ ಸೇರಿದರು ಅಂತ ಹೇಳಲ್ಲ. ಮೂರು ತಿಂಗಳಲ್ಲಿ ಎರಡು ವರ್ಷದ್ದು ತುಂಬೋಕೆ ಆಗಲ್ಲ.

ಪತ್ರ ಬರೆಯುವುದರಲ್ಲಿ ಇನ್ನೊಂದು ಕಾಯಿಲೆ ಇತ್ತು. ಕಾಯಿಲೆ ಅಂದರೆ ನಿಜವಾಗಲೂ ಕಾಯಿಲೆ. ರಜಾ ಪತ್ರ ಅಂದರೆ ‘ಐ ಆ್ಯಮ್ ಸಫರಿಂಗ್ ಫ್ರಮ್ ಫೀವರ್’. ಅಕ್ಕನ ಮದುವೆಗೆ ರಜೆ ಕೇಳಿ ಅಂತ ಕೊಟ್ಟರೂ ಜ್ವರ, ಊರಿಗೆ ಹೋಗಬೇಕು ಅಂತ ಕೊಟ್ಟರೂ ಜ್ವರ. ಹಾಗಾಗಿ ಜ್ವರವನ್ನೇ ನಿಷೇಧಿಸಿದೆ. ಪತ್ರದ ಚೌಕಟ್ಟು, ಅಂದರೆ ಫ್ರಮ್, ಟು, ದಿನಾಂಕ, ವಿಷಯ, ಬಾಯಿಪಾಠ ಇರಲಿ, ತೊಂದರೆಯಿಲ್ಲ. ಕಾರಣ ಮಾತ್ರ ನಿಜವಾದದ್ದೇ ಆಗಿರಬೇಕು. ನಾಯಕನಹಟ್ಟಿ ತೇರು, ಈರುಳ್ಳಿ ಕೊಯ್ಯೋದು, ಕುರಿ ಮರಿ ಹಾಕಿದ್ದು, ಎಲ್ಲ ಬಂದವು. ಇಂಗ್ಲಿಷ್ ಒಡೆದೊಡೆದು ಇತ್ತು, ಆದರೆ ಅವರದ್ದೇ ಆಗಿತ್ತು.

ನವೋದಯ ಬರೆಯುವವರಿಗೆ ಓಎಂಆರ್, ಅಂದರೆ ಉತ್ತರದ ವೃತ್ತವನ್ನು ಪೆನ್ನಿನಿಂದ ತುಂಬುವ ಹಾಳೆಯ ಅಭ್ಯಾಸ ಬೇಕೇ ಬೇಕು. ಅಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯಲ್ಲ, ಅದಕ್ಕೆ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬೇಡಿ ಅಂತ ಹೇಳಿದೆ. ಆದರೆ ನಿಜವಾದ ಅಪಾಯ ಬೇರೆ. ಗೊತ್ತಿಲ್ಲದ ಒಂದು ಪ್ರಶ್ನೆಯನ್ನು ಆಮೇಲೆ ನೋಡೋಣ ಅಂತ ದಾಟುತ್ತಾರೆ, ಆದರೆ ಹಾಳೆಯಲ್ಲಿ ಆ ಸಾಲನ್ನು ದಾಟುವುದಿಲ್ಲ. ಅಲ್ಲಿಂದ ಮುಂದೆ ಎಲ್ಲ ಉತ್ತರವೂ ಒಂದೊಂದು ಸಾಲು ಮೇಲೆ! ಜಗಳೂರಿನ ಜೆರಾಕ್ಸ್ ಅಂಗಡಿಯಲ್ಲಿ ಖಾಲಿ ಓಎಂಆರ್ ಹಾಳೆಗಳನ್ನು ಮಾಡಿಸಿ ತಂದೆ. ಐದು ಪ್ರಶ್ನೆಗೊಮ್ಮೆ ಪೆನ್ನು ಕೆಳಗಿಟ್ಟು, ಪ್ರಶ್ನೆಯ ನಂಬರ್ ಮತ್ತು ಹಾಳೆಯ ನಂಬರ್ ಬೆರಳಿಟ್ಟು ನೋಡಬೇಕು. ಇದನ್ನು ಬಿಟ್ಟರೆ ಓಎಂಆರ್‌ನಲ್ಲಿ ಕಲಿಸುವಂಥದ್ದು ಹೆಚ್ಚೇನಿಲ್ಲ.

ಈ ಪದ್ಧತಿಗೆ ಸಮಯ ಹಿಡಿಯುತ್ತೆ, ಅದು ನಿಜ. ಒಂದು ಪ್ಯಾಸೇಜ್‌ಗೆ ಒಂದು ಪೀರಿಯಡ್ ಸಾಲದು. “ಪೋರ್ಷನ್ ಎಲ್ಲಿಗೆ ಬಂತು ಮೇಡಂ?” ಅಂತ ಹೆಡ್‌ಮಾಸ್ಟರ್ ಕೇಳುತ್ತಲೇ ಇದ್ದರು. ಕೊನೆಯ ಎರಡು ಪದ್ಯಗಳನ್ನು ಓಡಿಸಿದೆ. ಬಾಯಿಪಾಠದ ಪದ್ಯವನ್ನು ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ಹೇಳಿಸಿದೆ.

ಮಾರ್ಚ್‌ನಲ್ಲಿ ಇನ್ನೊಂದು ನಾಟಕ. ಮಂಡಳಿಯ ಆ ಪರೀಕ್ಷೆಯನ್ನು ಹೈಕೋರ್ಟಿನ ಏಕಸದಸ್ಯ ಪೀಠ ರದ್ದು ಮಾಡಿತು. ಸರ್ಕಾರ ಮೇಲ್ಮನವಿ ಹಾಕಿತು. ವಿಭಾಗೀಯ ಪೀಠ ಒಪ್ಪಿದ ಮೇಲೆ 27ನೇ ತಾರೀಖಿಗೆ ಶುರುವಾಯಿತು. ನಡುವೆ ದಿನಾ ಬೆಳಿಗ್ಗೆ ಒಂದೇ ಪ್ರಶ್ನೆ: “ಮಿಸ್, ಪರೀಕ್ಷೆ ಐತೋ ಇಲ್ವೋ?” ಯಾರನ್ನೂ ಫೇಲ್ ಮಾಡಲ್ಲ ಅಂತ ಬೇರೆ ಹೇಳಿದ್ದರು. ಹಾಗಂದ ಮೇಲೆ ಯಾವ ಮಗು ಗೈಡ್ ಮುಟ್ಟುತ್ತೆ? ಒಬ್ಬ ತಾಯಿ ಶಾಲೆಗೆ ಬಂದು, “ಮೇಡಮ್ಮೋರೆ, ಇದ್ರೆ ಇದೆ ಅನ್ನಿ, ಇಲ್ದಿದ್ರೆ ಇಲ್ಲ ಅನ್ನಿ, ಹೊಲಕ್ಕಾದ್ರೂ ಕರ್ಕೊಂಡು ಹೋಗ್ತೀನಿ” ಅಂದರು. ನನಗೂ ಗೊತ್ತಿರಲಿಲ್ಲ. ಆದರೆ ನಮ್ಮ ಕ್ಲಾಸಿನಲ್ಲಿ ಒಬ್ಬರನ್ನೊಬ್ಬರು ಬೀಳಿಸುವ ಆಟ ನಿಲ್ಲಲಿಲ್ಲ. ಅದಕ್ಕೆ ಪರೀಕ್ಷೆ ಇರಲೇಬೇಕು ಅಂತ ಏನಿರಲಿಲ್ಲವಲ್ಲ.

ಉತ್ತರ ಪತ್ರಿಕೆ ತಿದ್ದಿದ್ದು ಬೇರೆಯವರು. ಅಂಕ ಹಿಂದಿಗಿಂತ ಸುಧಾರಿಸಿತ್ತು. ಆದರೆ ಎಷ್ಟು ಭಾಗ ಈ ಪದ್ಧತಿಯಿಂದ, ಎಷ್ಟು ಭಾಗ ಪತ್ರಿಕೆ ಸುಲಭ ಇದ್ದದ್ದರಿಂದ ಅಂತ ನಾನು ಬೇರ್ಪಡಿಸಿ ಹೇಳಲಾರೆ. ನನಗೆ ಕಂಡ ವ್ಯತ್ಯಾಸ ಒಂದೇ. ಮಕ್ಕಳು ಪ್ರಶ್ನೆಯ ಕೆಳಗೆ ಪೆನ್ಸಿಲ್ ಗೆರೆ ಎಳೆದು ಓದುವುದನ್ನು ಯಾರೂ ಹೇಳದೆಯೇ ಮಾಡುತ್ತಿದ್ದರು.

ಮಕ್ಕಳು ಬರೆದ ಪ್ರಶ್ನೆಗಳನ್ನೆಲ್ಲ ದಾರ ಕಟ್ಟಿ ಇಟ್ಟಿದ್ದೇನೆ. ಪ್ರತಿ ವರ್ಷ ಹೊಸ ಎಂಟನೇ ತರಗತಿ ಮೊದಲು ಹಳೇ ಕಟ್ಟನ್ನು ಬಿಡಿಸಬೇಕು, ಆಮೇಲೆ ತಮ್ಮದನ್ನು ಸೇರಿಸಬೇಕು. ಮೊನ್ನೆ ಒಂದು ಜೋಡಿ, ‘ನಿಯರ್ ವಾಟರ್’ ಹುಡುಗಿ ಬರೆದಿದ್ದ ಇನ್ನೊಂದು ಪ್ರಶ್ನೆಯಲ್ಲಿ ಎರಡು ಆಯ್ಕೆಯೂ ಸರಿ ಬರುತ್ತೆ ಅಂತ ಸಾಧಿಸಿತು. ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಆ ಹುಡುಗಿಯೇ ಸಿಕ್ಕಳು. ವಿಷಯ ಹೇಳಿದೆ. ಪ್ರಶ್ನೆಯನ್ನು ನನ್ನಿಂದ ಎರಡು ಸಲ ಹೇಳಿಸಿಕೊಂಡು ಯೋಚನೆ ಮಾಡಿದಳು.

“ಇಲ್ಲ ಮಿಸ್, ಸಿ ಬರಲ್ಲ. ಅದು ಬಾಲ. ಕೊನೇವರೆಗೂ ಓದೋಕೆ ಹೇಳಿ ಅವರಿಗೆ” ಅಂದಳು.