ಇಳಕಲ್ ಸೀರೆಯನ್ನು ವಾಟ್ಸಾಪ್‌ನಲ್ಲಿ ಮಾರಿದ್ದು: ನನ್ನ ಅನುಭವ

ಅಮೀನಗಡದ ಕರದಂಟಿನವರು, ಗುಳೇದಗುಡ್ಡದ ಖಣದವರು ಈಗ ಫೋನ್ ಮಾಡಿ ‘ಆಡ್ ಹೆಂಗ ಹಾಕ್ತೀರಿ?’ ಅಂತ ಕೇಳುತ್ತಾರೆ. ಮೂರ್ನಾಲ್ಕು ವರ್ಷದ ಹಿಂದೆ ನಾನು ಫೋನಿನಲ್ಲಿ ಇಳಕಲ್ ಸೀರೆ ಮಾರೋಕೆ ಹೊರಟಾಗ ನಕ್ಕವರೂ ಇವರಲ್ಲಿದ್ದಾರೆ. ನಮ್ಮ ಕಾಕಾ ಅಂತೂ, ‘ಸೀರಿ ಅಂದ್ರ ಮುಟ್ಟಿ ನೋಡಿ ತಗೊಳ್ಳೋದು. ಫೋನಿನ್ಯಾಗ ಯಾರ್ ತಗೋತಾರೋ ತಮ್ಮಾ?’ ಅಂದಿದ್ದರು. ಕಳೆದ ದಸರಾ-ದೀಪಾವಳಿಗೆ ಅಂಗಡಿ ವ್ಯಾಪಾರದಲ್ಲಿ ಹತ್ತಿರ ಹತ್ತಿರ ಅರ್ಧ ಫೋನಿನಿಂದಲೇ ಬಂತು. ಪಾರ್ಸೆಲ್ ಮೇಲೆ ವಿಳಾಸ ಬರೆಯೋದು ಈಗ ಕಾಕಾನೇ.

ಮೊದಲು ದುಡ್ಡು ಹೋದ ಕಥೆ. ಶುರುವಿನಲ್ಲಿ ಒಂದು ಏಜೆನ್ಸಿಗೆ ತಿಂಗಳಿಗೆ ಸುಮಾರು ಎಂಟು ಸಾವಿರ ಕೊಡುತ್ತಿದ್ದೆ. ಹಬ್ಬಕ್ಕೊಂದು ಶುಭಾಶಯದ ಪೋಸ್ಟರ್ ಹಾಕೋರು, ದುಡ್ಡು ಕಟ್ಟಿ ಅದನ್ನು ಹೆಚ್ಚು ಜನಕ್ಕೆ ತೋರಿಸೋ ಬೂಸ್ಟ್ ಒತ್ತೋರು, ತಿಂಗಳ ಕೊನೆಗೆ ರೀಚ್ ಎಷ್ಟು, ಅಂದರೆ ಎಷ್ಟು ಜನಕ್ಕೆ ಮುಟ್ಟಿತು ಅಂತ ಪಿಡಿಎಫ್ ಕಳಿಸೋರು. ರೀಚ್ ಲಕ್ಷ ದಾಟಿತ್ತು. ಸೀರೆ ಹತ್ತೂ ಹೋಗಲಿಲ್ಲ. ಆಡ್ ಬಿಲ್ ಮೇಲೆ 18% ಜಿಎಸ್‌ಟಿ ಬೇರೆ. ಆಮೇಲೆ ಒಬ್ಬ ಇನ್‌ಫ್ಲುಯೆನ್ಸರ್‌ಗೆ ರೇಷ್ಮೆ ಸೆರಗಿನ ಸೀರೆ, ಜೊತೆಗೆ ಐದು ಸಾವಿರ. ಫಾಲೋವರ್ಸ್ ಬಂದರು, ಗಿರಾಕಿ ಬರಲಿಲ್ಲ.

ಎಲ್ಲಕ್ಕಿಂತ ಜಾಸ್ತಿ ಹೊಡೆತ ಕ್ಯಾಶ್ ಆನ್ ಡೆಲಿವರಿಯದು. ನಾಲ್ಕರಲ್ಲಿ ಒಂದು ಪಾರ್ಸೆಲ್ ವಾಪಸ್. ಹೋಗೋ ಖರ್ಚೂ ನಮ್ಮದೇ, ಬರೋ ಖರ್ಚೂ ನಮ್ಮದೇ, ಸೀರೆಯ ಮಡಿಕೆ ಬೇರೆ ಕೆಟ್ಟಿರುತ್ತಿತ್ತು. ಈಗ ಯುಪಿಐ ಮಾತ್ರ. ಹೊಸಬರಾದರೆ ಇನ್ನೂರು ಅಡ್ವಾನ್ಸ್, ಉಳಿದಿದ್ದು ಪಾರ್ಸೆಲ್ ಕಟ್ಟೋ ವಿಡಿಯೋ ನೋಡಿದ ಮೇಲೆ. ಜಗಳವೇ ಇಲ್ಲ.

ವ್ಯಾಪಾರ ತಿರುಗಿದ್ದು ಒಂದು ರೀಲ್‌ನಿಂದ. ಅದರಲ್ಲಿ ಮಾಡೆಲ್ ಇಲ್ಲ, ಹಾಡಿಲ್ಲ. ನಮ್ಮ ನೇಕಾರರೊಬ್ಬರು ಕೊಂಡಿ ಹಾಕೋದು, ಅಷ್ಟೇ. ಸೀರೆಯ ಒಡಲಿನ ಹಾಸಿನ ಎಳೆಗೂ (ಉದ್ದಕ್ಕೆ ಹೋಗೋ ನೂಲು) ಸೆರಗಿನ ಹಾಸಿನ ಎಳೆಗೂ ಕುಣಿಕೆ ಹಾಕಿ ಒಂದೊಂದೇ ಕೂಡಿಸುವುದನ್ನು ಅವರ ಬೆರಳ ಪಕ್ಕದಲ್ಲೇ ಫೋನ್ ಹಿಡಿದು ತೆಗೆದೆ. ಪಕ್ಕದ ಮಗ್ಗದ ಸದ್ದನ್ನು ಹಾಗೇ ಬಿಟ್ಟೆ. ‘ನೋಡ್ರಿ, ಸೆರಗು ಹಿಂಗ ಕೂಡಸ್ತಾರ’ ಅಂತ ನಮ್ಮ ಮಾತಿನಲ್ಲೇ ಹೇಳಿ, ಕೊನೆಗೆ ರೇಟನ್ನೂ ಬಾಯಿಬಿಟ್ಟು ಹೇಳಿದೆ. ‘ರೇಟ್‌ಗೆ ಡಿಎಂ ಮಾಡಿ’, ಅಂದರೆ ರೇಟ್ ಬೇಕಾದರೆ ಖಾಸಗಿ ಮೆಸೇಜ್ ಹಾಕಿ ಅನ್ನೋದು ನಮ್ಮ ಪೇಟೆಗೆ ಹತ್ತಿದ ರೋಗ. ಅದನ್ನು ನೋಡಿದ ಕೂಡಲೇ ಅರ್ಧ ಜನ ಮುಂದಕ್ಕೆ ಸರಿಸುತ್ತಾರೆ.

ಅದೇ ರೀಲನ್ನು, ಒತ್ತಿದರೆ ನಮ್ಮ ವಾಟ್ಸಾಪ್ ತೆರೆಯೋ ಆಡ್ ಮಾಡಿ ದಿನಕ್ಕೆ ನೂರೈವತ್ತು, ಇನ್ನೂರು ಹಾಕಿದೆ. ಆಡ್ ತೋರಿಸಿದ್ದು ಬೆಂಗಳೂರು, ಹುಬ್ಬಳ್ಳಿ, ಮೈಸೂರಿನ ಮೂವತ್ತು ದಾಟಿದ ಹೆಣ್ಣುಮಕ್ಕಳಿಗೆ. ಒಂದು ವಿಚಾರಣೆಗೆ, ಅಂದರೆ ಒಬ್ಬರು ಸೀರೆ ಬಗ್ಗೆ ಕೇಳೋದಕ್ಕೆ, ಹದಿಮೂರು-ಹದಿನಾಲ್ಕು ರೂಪಾಯಿ ಬೀಳುತ್ತದೆ. ಹದಿನೈದು ಜನ ಕೇಳಿದರೆ ಒಬ್ಬರು ಕೊಳ್ಳುತ್ತಾರೆ. ಅಂದರೆ ಸೀರೆಗೆ ಇನ್ನೂರು ಆಡ್ ಖರ್ಚು. ಎರಡೂವರೆ ಸಾವಿರದ ಸೀರೆಯಲ್ಲಿ ಅದು ಗಿಟ್ಟುತ್ತದೆ, ಎಂಟುನೂರರ ಸೀರೆಯಲ್ಲಿ ಗಿಟ್ಟೋದಿಲ್ಲ. ಕೇಳಿದವರಿಗೆ ಟೈಪ್ ಮಾಡಲ್ಲ, ಹತ್ತು ನಿಮಿಷದೊಳಗೆ ವಾಯ್ಸ್ ಕಳಿಸುತ್ತೇನೆ. ಆ ವಾಯ್ಸ್‌ನಲ್ಲಿ ಒಂದು ಪ್ರಶ್ನೆ ಇರುತ್ತದೆ. ಏನು ಅಂತ ಇಲ್ಲಿ ಬರೆಯಲ್ಲ, ಕ್ಷಮಿಸಿ. ಸ್ಟೇಟಸ್ ಹಾಕೋ ಹೊತ್ತನ್ನೂ ಅಷ್ಟೇ.

ವಾಟ್ಸಾಪ್‌ನ ಬ್ರಾಡ್‌ಕಾಸ್ಟ್ ಲಿಸ್ಟ್ ಗೊತ್ತಲ್ವಾ, ಒಂದೇ ಮೆಸೇಜನ್ನು ಒಟ್ಟಿಗೆ ಬಹಳ ಜನಕ್ಕೆ ಕಳಿಸೋದು? ಒಂದರಲ್ಲಿ 256 ಜನ, ಅದೂ ನಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಮೆಸೇಜ್ ಮುಟ್ಟುತ್ತದೆ. ಹಾಗಾಗಿ ಪಾರ್ಸೆಲ್ ಒಳಗೆ ಒಂದು ಚೀಟಿ ಇಡುತ್ತೇನೆ: ‘ನಂಬರ್ ಸೇವ್ ಮಾಡ್ಕೊಳ್ರಿ, ಹೊಸ ಸೀರಿ ಮೊದಲು ನಿಮಗ ತೋರಸ್ತೀವಿ.’ ಎರಡನೇ ಸಲ ಕೊಳ್ಳೋರೆಲ್ಲ ಅಲ್ಲಿಂದಲೇ, ಆಡ್ ಖರ್ಚಿಲ್ಲದೆ.

ಸುಮ್ನೆ ನೋಡೋಣ ಅಂತ ಒಂದು ಭಾನುವಾರ ಸೀರೆ ಮೇಲೆ ಕಸೂತಿ ಹಾಕೋದನ್ನು ಫೋನಿನಲ್ಲಿ ಲೈವ್ ತೋರಿಸಿದ್ದೆ. ನೂರಾರು ಜನ ಹೊಗಳಿದರು, ಹೋಗಿದ್ದು ಎರಡೋ ಮೂರೋ ಸೀರೆ. ಟ್ಯೂಬ್‌ಲೈಟ್ ಕೆಳಗೆ ತೆಗೆದರೆ ದಾಳಿಂಬೆ ಕೆಂಪು ಗುಲಾಬಿಯಾಗಿ ಕಾಣುತ್ತದೆ ಅಂತ ಮಾತ್ರ ಅವತ್ತು ಗೊತ್ತಾಯ್ತು. ಈಗ ಬೆಳಿಗ್ಗೆ ಬಾಗಿಲ ಬೆಳಕಿನಲ್ಲೇ ಶೂಟಿಂಗ್, ಬಣ್ಣದ ತಕರಾರು ಬಹುತೇಕ ನಿಂತಿದೆ.

ಸೊಲ್ಲಾಪುರ, ಕೊಲ್ಹಾಪುರದ ಕಡೆಯೂ ಇಳಕಲ್ ಉಡೋರು ಬಹಳ. ಮರಾಠಿಯಲ್ಲಿ ಮಾತಾಡಿದ ಒಂದು ರೀಲ್ ಬಿಟ್ಟಿದ್ದೇನೆ, ವಿಚಾರಣೆ ಒಂಬತ್ತು ರೂಪಾಯಿಗೇ ಬೀಳುತ್ತಿದೆ. ವಾಯ್ಸ್‌ಗೆ ಉತ್ತರ ಕೊಡೋಕೆ ಮಾತ್ರ ನನ್ನ ಮರಾಠಿ ಸಾಲದು, ಅತ್ತಿಗೆಯನ್ನು ಕೂರಿಸಿದ್ದೇನೆ. ಅವರು ಕಮಿಷನ್ ಕೇಳುತ್ತಿದ್ದಾರೆ.